ಒಂದು ಗೇಣು ಸರಿದ ಚೆಂಡು

ಮೈಸೂರು
೬-೧೦-೧೯೯೩

ಮನೆಯಾಕೆ ನರಸಕ್ಕನಿಗೆ ಪೆದ್ದಣ್ಣ ಮೈಸೂರಿಂದ ಬರೆಯುವ ಕಾಗದ.

ನಾನೂ ನಿನ್ನ ತಮ್ಮ ಕದಿರಪ್ಪನೂ ನೆಟ್ಟಗಿದ್ದೀವಿ. ಹಿಂದೂಪುರದಲ್ಲಿ ರೈಲು ಹತ್ತಿದಾಗ ಬಿಚ್ಚಿದ ನಿನ್ನ ರೊಟ್ಟಿ ಗಂಟು ಮೈಸೂರು ತನಕ ಬಂತು. "ಆರು ತಿಂಗಳು ನನ್ನ ತಮ್ಮನ ಜೊತೆ ಇದ್ದು ಬನ್ನಿ, ಅವನ ಬ್ಯಾಗು ಹೊರಿ" ಅಂತ ನೀನು ಅಂದಾಗ ಬ್ಯಾಗು ಅಂದರೆ ಸಂತೆ ಚೀಲ ಅಂದ್ಕೊಂಡಿದ್ದೆ. ಇದು ಎಳೇ ಕರು ತೂಕ ಐತೆ ಕಣಮ್ಮ. ಒಳಗೆ ಹದಿನಾಲ್ಕು ಕೋಲು. ದಿನಕ್ಕೆ ಎರಡು ಹರಿದಾರಿ ನಡಿಗೆ.

ಗಾಲ್ಫ್ ಅಂದರೆ ಏನು ಅಂತ ನಿನ್ನ ತಮ್ಮ ಹದಿನಾಲ್ಕು ವರ್ಷದಿಂದ ಹೇಳ್ತಾನೇ ಅವನೆ, ನಮಗೆ ತಲೆಗೆ ಹತ್ತಿರಲಿಲ್ಲ. ಈಗ ನಾನು ಹೇಳ್ತೀನಿ ಕೇಳು. ಊರಗಲ ಹುಲ್ಲು. ದೂರದಲ್ಲಿ ಒಂದು ಗುಂಡಿ, ಗುಂಡಿಗೊಂದು ಬಾವುಟ. ನಿಂಬೆಕಾಯಿ ಗಾತ್ರದ ಚೆಂಡನ್ನ ಕೋಲಲ್ಲಿ ಹೊಡೆದು ಆ ಗುಂಡಿಗೆ ಬೀಳಿಸಬೇಕು. ಇಂಥವು ಹದಿನೆಂಟು. ಯಾರು ಕಮ್ಮಿ ಹೊಡೆತದಲ್ಲಿ ಮುಗಿಸ್ತಾರೋ ಅವರು ಗೆದ್ದಂಗೆ. ಒಂದು ಪಂದ್ಯ ನಾಲ್ಕು ದಿನ. ಎರಡನೇ ದಿನ ಸಾಯಂಕಾಲ ಹಿಂದೆ ಬಿದ್ದ ಅರ್ಧ ಜನರನ್ನ ಮನೆಗೆ ಕಳಿಸಿಬಿಡ್ತಾರೆ.

ಹೋದ ವರ್ಷ ದೊಡ್ಡ ಟೂರಿನಲ್ಲಿ ಕದಿರ ಜಾಗ ಕಳ್ಕೊಂಡನಲ್ಲ, ಅದಕ್ಕೇ ಈಗ ಈ ಎರಡನೇ ದರ್ಜೆ ಟೂರು. ಆರು ಊರು, ಆರು ಪಂದ್ಯ. ಫೆಬ್ರವರಿ ಕೊನೆಗೆ ಎಲ್ಲಾ ಸೇರಿಸಿ ಮೊದಲ ಹತ್ತು ಜನರನ್ನ ದೊಡ್ಡ ಟೂರಿಗೆ ಹತ್ತಿಸ್ಕೊಳ್ತಾರೆ. "ಈ ಸಲ ಆಗಲಿಲ್ಲ ಅಂದ್ರೆ ಬಿಟ್ಬುಡ್ತೀನಿ ಬಾವಾ, ಮತ್ತೆ ಬೇರೆಯವರ ಬ್ಯಾಗು ಹೊರ್ತೀನಿ" ಅಂತಾನೆ. ಹದಿನಾಲ್ಕನೇ ವಯಸ್ಸಿಗೆ ಬೆಂಗಳೂರಿಗೆ ಹೋಗಿ ಬ್ಯಾಗು ಹೊರೋದರಿಂದಲೇ ಶುರು ಮಾಡಿದವನು.

ಇಲ್ಲಿ ಎರಡನೇ ದಿನಕ್ಕೇ ಹೊರಗೆ ಬಿದ್ದ. ಗಾಳಿ ಜಾಸ್ತಿ ಇತ್ತು.

ಬೆಂಗಳೂರಿನ ಅವನ ರೂಮಿನ ವಿಳಾಸಕ್ಕೇ ಬರಿ. ಪಂದ್ಯ ಮುಗಿದ ಮೇಲೆಲ್ಲ ಅಲ್ಲಿಗೇ ಬತ್ತೀವಿ.

ಪೆದ್ದಣ್ಣ


ಕಲ್ಯಾಣದುರ್ಗ
೧೬-೧೦-೧೯೯೩

ನಮ್ಮ ಮನೆಯವರಿಗೆ ನರಸಕ್ಕ ಬರೆದದ್ದು.

ನಿಮ್ಮ ಕಾಗದವನ್ನ ಪಕ್ಕದ ಮನೆ ಎರ್ರಮ್ಮನಿಗೂ ಓದಿ ಹೇಳಿದೆ. "ಕಮ್ಮಿ ಮಾಡಿದೋನು ಗೆಲ್ಲೋ ಆಟ ಐತಾ? ಹಂಗಾದ್ರೆ ನಮ್ಮ ಅಳಿಯನ್ನ ಕಳಿಸ್ತೀನಿ, ಕಪ್ಪು ತತ್ತಾನೆ" ಅಂತ ಬಿದ್ದು ಬಿದ್ದು ನಕ್ಕಳು.

ನನಗೆ ನಗು ಬರಲಿಲ್ಲ. ಗಾಳಿ ಜಾಸ್ತಿ ಇತ್ತು ಅಂತ ಬರೆದಿದ್ದೀರಿ. ಗಾಳಿ ಎಲ್ಲರಿಗೂ ಬೀಸಿರ್ತದೆ ಅಲ್ವಾ?

ಅವನ ಹಳೇ ಬ್ಯಾಗಿನ ಆಳು ಯಾಕೆ ಬಿಟ್ಟು ಹೋದ ಅಂತ ನಿಮಗೆ ಹೇಳದೇ ಕಳಿಸಿದೆ. ಈಗ ಹೇಳ್ತೀನಿ. ಕದಿರನ ಕೈ ನಡುಗ್ತದೆ, ಅದಕ್ಕೇ ಬಿಟ್ಟೆ ಅಂತ ಅವನು ಹಿಂದೂಪುರದಲ್ಲಿ ಯಾರ ಹತ್ರನೋ ಅಂದನಂತೆ. ಗಂಡಸಿನ ಕೈ ಯಾವಾಗ ನಡುಗ್ತದೆ ಅಂತ ಕುಡುಕನ ಮಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ತಿಂಗಳಿಂದ ನಮ್ಮ ಆಂಧ್ರದಲ್ಲಿ ಸಾರಾಯಿ ಅಂಗಡಿ ಮುಚ್ಚವ್ರೆ. ಬೀದಿ ಹೆಂಗಸರೆಲ್ಲ ಬೆಲ್ಲ ಹಂಚಿದ್ರು. ನಾನೂ ಒಂದು ಚೂರು ಬಾಯಿಗೆ ಹಾಕ್ಕೊಂಡು, ಅಪ್ಪ ಸತ್ತು ಹನ್ನೊಂದು ವರ್ಷ ಆದಮೇಲೆ ಮುಚ್ಚಿದ್ರಲ್ಲ ಅಂದ್ಕೊಂಡೆ. ನೀವಿರೋ ಊರುಗಳಲ್ಲಿ ಮುಚ್ಚಿಲ್ಲ.

ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಕುಡೀತಾನಾ, ಇಲ್ವಾ? ಒಂದು ಮಾತು ಬರೀರಿ.

ಕೆರೆ ಕೋಡಿ ಬಿತ್ತು. ಈ ವರ್ಷ ಎರಡು ಬೆಳೆಗೆ ನೀರಿಗೆ ಮೋಸ ಇಲ್ಲ ಅಂತಾರೆ. ನಿಮ್ಮ ನೀರುಗಂಟಿ ಕೆಲಸ ನಿಮ್ಮ ತಮ್ಮ ಲಕ್ಷ್ಮಣಪ್ಪ ನೋಡ್ಕೊಳ್ತಾ ಅವನೆ. ತೂಬು ತೆಗೆಯೋದು, ಯಾರ ಗದ್ದೆಗೆ ಯಾವತ್ತು ಅಂತ ಬಿಡೋದು, ಎಲ್ಲಾ ನಡೀತೈತೆ.

ನರಸಕ್ಕ


ಪುಣೆ
೯-೧೧-೧೯೯೩

ನರಸೀ,

ದೀಪಾವಳಿಗೆ ಬರೋಕಾಗಲ್ಲ, ಮುಂದಿನ ವಾರವೂ ಇಲ್ಲೇ. ಕೊಯಮತ್ತೂರಿನಲ್ಲಿ ನಾಲ್ಕೂ ದಿನ ಆಡಿದ. ಮೂವತ್ತನಾಲ್ಕನೇ ಜಾಗ. ಮೈಸೂರಿಗಿಂತ ವಾಸಿ.

ಒಂದು ವಿಷಯ ಹೇಳಲೇಬೇಕು. ಗುಂಡಿ ಇರೋ ಜಾಗದಲ್ಲಿ ಹುಲ್ಲನ್ನ ಚಾಪೆ ಥರ ಕತ್ತರಿಸಿರ್ತಾರೆ. ಅಲ್ಲಿ ಚೆಂಡನ್ನ ಮೆಲ್ಲಗೆ ಉರುಳಿಸಬೇಕು. ನೋಡೋಕೆ ಮಟ್ಟಸ, ಆದರೆ ಮಟ್ಟ ಇರಲ್ಲ. ಚೆಂಡು ಎಡಕ್ಕೆ ವಾಲ್ತದೋ ಬಲಕ್ಕೆ ವಾಲ್ತದೋ ಅಂತ ಇವರೆಲ್ಲ ಕೂತು, ಮಲಗಿ, ಒಂದು ಕಣ್ಣು ಮುಚ್ಚಿ ನೋಡ್ತಾರೆ. ನಿನ್ನೆ ಕದಿರ ಬಲಕ್ಕೆ ಅಂದ. ನಾನು ಬಾಯಿ ಜಾರಿ "ಇಲ್ಲ ಕಣ್ಲಾ, ನೀರು ಬಿಟ್ರೆ ಇದು ಎಡಕ್ಕೇ ಹೋಯ್ತದೆ" ಅಂದೆ. ಅವನು ನಕ್ಕು ತನ್ನಂಗೇ ಹೊಡೆದ. ಚೆಂಡು ಎಡಕ್ಕೆ ಹೋಯ್ತು. ಮುಂದಿನದಕ್ಕೆ ತಾನೇ ಕೇಳಿದ, "ಬಾವಾ, ನೀರು ಎತ್ತ?" ಅದರಾಚೆದಕ್ಕೂ ಕೇಳಿದ. ಇಪ್ಪತ್ತು ವರ್ಷ ಕೆಸರಲ್ಲಿ ನಿಂತು ನೀರು ತಿರುವಿದ್ದು ಪುಣೆಯಲ್ಲಿ ಕೆಲಸಕ್ಕೆ ಬತ್ತದೆ ಅಂತ ಯಾರಿಗೆ ಗೊತ್ತಿತ್ತು?

ಕದಿರ ಹೊತ್ತಿಗೆ ಸರಿಯಾಗಿ ಉಣ್ತಾನೆ, ಮಲಗ್ತಾನೆ. ಯೋಚನೆ ಮಾಡಬೇಡ.

ಲಕ್ಷ್ಮಣಪ್ಪನಿಗೆ ಹೇಳು, ಕೆಳಗಿನ ಗದ್ದೆಗೆ ಮೊದಲು ಬಿಡಬೇಕು. ಮೇಲಿನವರು ಜಗಳಕ್ಕೆ ಬಂದ್ರೂ ಸರಿ.

ಪೆದ್ದಣ್ಣ


ಕಲ್ಯಾಣದುರ್ಗ
೨೪-೧೧-೧೯೯೩

ನಮ್ಮ ಮನೆಯವರಿಗೆ,

ಉಣ್ತಾನೆ, ಮಲಗ್ತಾನೆ ಅಂತ ಬರೆದಿದ್ದೀರಿ. ನಾನು ಕೇಳಿದ್ದು ಅದಲ್ಲ. ಹದಿನೇಳು ವರ್ಷ ನಿಮ್ಮ ಜೊತೆ ಬಾಳುವೆ ಮಾಡಿದ್ದೀನಿ. ನೀವು ಕೇಳಿದ್ದು ಬಿಟ್ಟು ಬೇರೆ ಏನಾದ್ರೂ ಉದ್ದಕ್ಕೆ ಹೇಳಿದ್ರೆ ಒಳಗೆ ಏನೋ ಐತೆ ಅಂತಲೇ ಅರ್ಥ. ಪುಣೆ ಹುಲ್ಲಿನ ಮೇಲೆ ಒಂದು ಪುಟ ಬರೆದಿದ್ದೀರಿ.

ಕುಡೀತಾ ಇದ್ರೆ ಬ್ಯಾಗು ಅಲ್ಲೇ ಇಟ್ಟು, ಕೈ ಹಿಡಿದು ಮನೆಗೆ ಕರ್ಕೊಂಡು ಬನ್ನಿ. ನನಗೆ ದೊಡ್ಡ ಟೂರೂ ಬೇಡ, ಚಿಕ್ಕ ಟೂರೂ ಬೇಡ. ತಮ್ಮ ಸಾಕು.

ಇಲ್ಲಿ ಎಲ್ಲಾ ನಡೀತೈತೆ.

ನರಸಕ್ಕ


ನಾಗಪುರ
೧೪-೧೨-೧೯೯೩

ನರಸೀ,

ನೀನು ಹೇಳಿದ್ದು ನಿಜ. ಮುಚ್ಚಿಟ್ಟೆ. ಈಗ ಮೊದಲಿಂದ ಹೇಳ್ತೀನಿ.

ಮೈಸೂರಲ್ಲೇ ನೋಡಿದೆ. ಇನ್ನೂರು ಗಜ ದೂರಕ್ಕೆ ಹೊಡಿಯೋವಾಗ ಅವನ ಕೈ ಕಬ್ಬಿಣ. ಗುಂಡಿಗೆ ಮೂರೇ ಅಡಿ ಇದ್ದಾಗ, ಚಿಕ್ಕ ಮಗು ತಳ್ಳಿದರೂ ಬೀಳೋ ಚೆಂಡಿಗೆ, ಮುಂಗೈ ನಡುಗ್ತದೆ. ನನಗೂ ನಿನ್ನಂಗೇ ಅನುಮಾನ. ಒಂದು ತಿಂಗಳು ಬೆಳಗಾಗೆದ್ದು ಅವನ ಲೋಟ ಮೂಸಿ ನೋಡಿದೆ, ಅಂಗಿ ಮೂಸಿದೆ. ಚೆನ್ನಾಗಿ ಗೊತ್ತಾಗೋ ತನಕ ನಿನಗೆ ಬರೆಯೋದು ಬೇಡ ಅಂದ್ಕೊಂಡೆ. ಪುಣೆಯಲ್ಲಿ ಮೂಸ್ತಾ ಇದ್ದಾಗ ಸಿಕ್ಕಿಬಿದ್ದೆ. "ಏನು ಬಾವಾ, ನಮ್ಮಕ್ಕ ಹೇಳಿದ್ದಾ?" ಅಂದ. ಕೋಪ ಮಾಡ್ಕೊಳ್ಳಲಿಲ್ಲ. ಮಂಚದ ಮೇಲೆ ಕೂತು ಅತ್ತುಬಿಟ್ಟ.

ಕುಡಿಯಲ್ಲ ನರಸೀ. ನಿಮ್ಮಪ್ಪನ ಮೇಲೆ ಆಣೆ ಮಾಡಿದ, ಅದಕ್ಕಿಂತ ಹೆಚ್ಚಾಗಿ ನಾನೇ ನೋಡಿದ್ದೀನಿ. ಅದು ಭಯ. ಎರಡು ವರ್ಷದ ಹಿಂದೆ ಒಂದಿನ ಗುಂಡಿ ಪಕ್ಕದ ಚೆಂಡು ತಪ್ಪಿತಂತೆ, ಮಾರನೇ ದಿನವೂ ತಪ್ಪಿತಂತೆ. ಅವತ್ತಿಂದ ಗುಂಡಿ ಹತ್ತಿರ ಬಂದಷ್ಟೂ ಕೈ ತನ್ನದಲ್ಲ ಅನ್ನಿಸ್ತದಂತೆ. ದೊಡ್ಡ ದೊಡ್ಡ ಆಟಗಾರರಿಗೂ ಬತ್ತದಂತೆ. ಯಾಕೆ ಅಂತ ಅವನಿಗೂ ಗೊತ್ತಿಲ್ಲ.

ನನಗೆ ಆಟ ಗೊತ್ತಿಲ್ಲ, ಆದರೂ ಒಂದು ಮಾತು ಹೇಳಿದೆ. "ಕದಿರಾ, ಗದ್ದೆ ಬದುವಿನ ಮಡವೆ ಒಡೆದು ನೀರು ತಿರುವೋವಾಗ ನಾವು ಗುದ್ದಲಿ ಕಡೆ ನೋಡಲ್ಲ, ನೀರು ಹೋಗೋ ಕಡೆ ನೋಡ್ತೀವಿ. ಗುದ್ದಲಿ ನೋಡ್ಕೊಂಡ್ರೆ ಕಾಲ ಮೇಲೆ ಹಾಕ್ಕೊಳ್ತೀವಿ. ನೀನ್ಯಾಕೆ ಚೆಂಡನ್ನೇ ದುರುಗುಟ್ಟಿ ನೋಡ್ತೀಯ? ಗುಂಡಿ ಕಡೆ ನೋಡ್ಕೊಂಡು ತಳ್ಳು." ಚೆಂಡಿನಿಂದ ಕಣ್ಣು ತೆಗೀಬಾರದು ಅಂತ ಎಲ್ಲರೂ ಕಲಿಸ್ತಾರಂತೆ. ಆದರೂ ಒಂದು ವಾರ ಅಭ್ಯಾಸ ಮಾಡಿದ. ಇಲ್ಲಿ ಹಂಗೇ ಆಡಿದ. ಜೊತೆಯವರು ಮುಸುಮುಸು ನಕ್ಕರು. ಒಂಬತ್ತನೇ ಜಾಗ ಬಂತು, ನಗು ನಿಂತಿತು.

ಸಂಜೆ ಸ್ಟೇಷನ್ ಹತ್ತಿರ ಇಬ್ಬರೂ ಎರಡೆರಡು ಪ್ಲೇಟು ಪೂರಿ ತಿಂದ್ವಿ.

ಪೆದ್ದಣ್ಣ


ಕಲ್ಯಾಣದುರ್ಗ
೩-೧-೧೯೯೪

ನಮ್ಮ ಮನೆಯವರಿಗೆ,

ನಿಮ್ಮ ಕಾಗದ ಓದಿ ಸೆರಗು ಮುಖಕ್ಕೆ ಹಾಕ್ಕೊಂಡು ಕೂತೆ. ಸಮಾಧಾನಕ್ಕೆ ಅತ್ತೆನೋ, ಎರಡು ವರ್ಷ ಅವನೊಬ್ಬನೇ ಇದನ್ನ ನುಂಗಿದ್ದಕ್ಕೆ ಅತ್ತೆನೋ ಗೊತ್ತಿಲ್ಲ. ನನ್ನ ಹತ್ರ ಹೇಳಿದ್ರೆ ನಾನು ಕುಡಿತ ಅಂತಲೇ ಅಂತಿದ್ದೆ. ಅದಕ್ಕೇ ಹೇಳಲಿಲ್ಲ ಅಂತ ಕಾಣ್ತದೆ.

ನೀವು ಮುಚ್ಚಿಟ್ಟದ್ದನ್ನ ಹೇಳಿದ್ರಿ. ನಾನೂ ಒಂದು ಮುಚ್ಚಿಟ್ಟಿದ್ದೀನಿ.

ಲಕ್ಷ್ಮಣಪ್ಪ ತೂಬಿನ ಕೆಲಸ ಇಪ್ಪತ್ತೇ ದಿನ ನೋಡಿದ್ದು. ಆಮೇಲೆ ಬಳ್ಳಾರಿ ಕಡೆ ಲಾರಿಗೆ ಹೋದ. ಅವತ್ತಿಂದ ನಾನೇ ಹೋಗ್ತಾ ಇದ್ದೀನಿ. ಮೊದಲ ದಿನ ಗುದ್ದಲಿ ಹೆಗಲ ಮೇಲಿಟ್ಟು ಕಟ್ಟೆ ಮೇಲೆ ನಡೆದಾಗ, "ಆಡದಿ ನೀಳ್ಳು ಪಂಚುತುಂದಾ, ಹೆಂಗಸು ನೀರು ಹಂಚ್ತಾಳಾ?" ಅಂತ ಮೇಲಿನ ಗದ್ದೆ ಶ್ರೀರಾಮಪ್ಪ ಎಲ್ಲರ ಮುಂದೆ ಅಂದ. "ನೀರಿಗೆ ಗೊತ್ತಾಗಲ್ಲ ಬಿಡಣ್ಣಾ, ಗುದ್ದಲಿ ಯಾರ ಕೈಲೈತೆ ಅಂತ" ಅಂದೆ. ಕೆಳಗಿನ ಗದ್ದೆಗೆ ಮೊದಲು ಬಿಟ್ಟೆ. ಈಗ ಅವನೇ ಬಂದು "ಅಕ್ಕಾ, ನಮ್ದು ಯಾವತ್ತು?" ಅಂತ ಕೇಳ್ತಾನೆ.

ನೀವು ವಾಪಸ್ ಬಂದ್ಬುಟ್ಟೀರಿ ಅಂತ ಹೇಳಿರಲಿಲ್ಲ. ಈಗ ಬೈಯೋದಾದ್ರೆ ಬೈರಿ.

ನರಸಕ್ಕ


ಬೆಂಗಳೂರು
೨೦-೧-೧೯೯೪

ನರಸೀ,

ಕಾಗದ ಕೈಗೆ ಸಿಕ್ಕ ಮೇಲೆ ಎರಡು ದಿನ ಉತ್ತರ ಬರೀಲಿಲ್ಲ. ನನ್ನಪ್ಪ, ಅವರಪ್ಪ ಹಿಡಿದ ಗುದ್ದಲಿ ಅದು. ನಾಲ್ಕು ಜನರ ಮುಂದೆ ನೀನು ಮಾತು ಕೇಳಬೇಕಾಯ್ತಲ್ಲ ಅಂತ ಒಂದು ಕಡೆ. ನಾನಿಲ್ಲದೇನೂ ನಡೀತದಲ್ಲ ಅಂತ ಇನ್ನೊಂದು ಕಡೆ. ಸುಳ್ಳು ಯಾಕೆ, ಎರಡನೇದೇ ಜಾಸ್ತಿ ಚುಚ್ಚಿತು.

ಕದಿರನಿಗೆ ತೋರಿಸಿದೆ. ಹೊಟ್ಟೆ ಹಿಡ್ಕೊಂಡು ನಕ್ಕ. "ನೀವು ಅಕ್ಕನ ತಮ್ಮನ್ನ ಹೊತ್ತಿದ್ದೀರಿ, ಅಕ್ಕ ನಿಮ್ಮ ಗುದ್ದಲಿ ಹೊತ್ತವಳೆ, ಸರಿಗೆ ಸರಿ ಆಯ್ತಲ್ಲ ಬಾವಾ" ಅಂದ. ನನಗೂ ನಗು ಬಂತು. ಚಳಿಯಲ್ಲಿ ನೀರಿಗೆ ಇಳಿಯೋವಾಗ ಕಾಲಿಗೆ ಹರಳೆಣ್ಣೆ ಹಚ್ಚಿಕೋ. ಇಲ್ಲದಿದ್ರೆ ಹಿಮ್ಮಡಿ ಒಡೀತದೆ.

ಐದನೇ ಪಂದ್ಯದಲ್ಲಿ ಏಳನೇ ಜಾಗ ಬಂದ. ಎಲ್ಲಾ ಸೇರಿಸಿ ಈಗ ಹನ್ನೆರಡನೆಯವನು. ಹೈದರಾಬಾದಿನ ಪಂದ್ಯ ಒಂದೇ ಬಾಕಿ. ಅಲ್ಲಿ ಮೊದಲ ಐದರೊಳಗೆ ಬಂದ್ರೆ ದೊಡ್ಡ ಟೂರು ಕೈಗೆ ಬಂದಂಗೆ. ಅವನು ರೂಮಿನ ಸಿಮೆಂಟ್ ನೆಲದ ಮೇಲೆ ಚೆಂಡು ಉರುಳಿಸ್ತಾ ಇರ್ತಾನೆ, ಕಣ್ಣು ಮಾತ್ರ ಗೋಡೆ ಕಡೆ.

ಪೆದ್ದಣ್ಣ


ಹಿಂದೂಪುರ
೧-೩-೧೯೯೪

ನರಸೀ,

ಹೈದರಾಬಾದಿನಲ್ಲಿ ಆರನೇ ಜಾಗ ಬಂತು. ಒಂದು ಹೊಡೆತದಲ್ಲಿ ತಪ್ಪಿತು. ಒಟ್ಟು ಲೆಕ್ಕದಲ್ಲಿ ಹನ್ನೊಂದನೆಯವನಾದ. ಹತ್ತು ಜನರನ್ನ ತಗೊಂಡ್ರು.

ಕದಿರ ಬೆಂಗಳೂರಿಗೆ ಹೋದ. ನಾನು ಹಿಂದೂಪುರದಲ್ಲಿ ಇಳ್ಕೊಂಡೆ. ಹುಣಿಸೆಹಣ್ಣಿನ ಮಂಡಿಯಲ್ಲಿ ಕೆಲಸ ಐತೆ ಅಂದ್ರು. ಸೀಸನ್ ಮುಗಿಯೋ ತನಕ ಇಲ್ಲೇ ಇರ್ತೀನಿ. ಕಾಯಬೇಡ.

ಪೆದ್ದಣ್ಣ


ಕಲ್ಯಾಣದುರ್ಗ
೧೪-೩-೧೯೯೪

ನಮ್ಮ ಮನೆಯವರಿಗೆ,

ಕಾರ್ಡಲ್ಲಿ ನಾಲ್ಕು ಸಾಲು ಬರೆದು ಕೂತಿದ್ದೀರಿ. ಹಿಂದೂಪುರದಿಂದ ರೊದ್ದಂ ಮೇಲೆ ಬಸ್ಸು ಹತ್ತಿದ್ರೆ ಮಧ್ಯಾಹ್ನದೊಳಗೆ ಮನೆ. ಆರು ತಿಂಗಳಾದ ಮೇಲೆ ಹುಣಿಸೆಹಣ್ಣು ಹೆಚ್ಚಾಯ್ತಾ?

ಹೋದ ಗುರುವಾರ ಕದಿರ ಬಂದಿದ್ದ. ಮುಖ ಇಳಿಬಿಟ್ಕೊಂಡು ಕೂತ. "ಏನಾಯ್ತೋ?" ಅಂದೆ. "ಕಡೇ ಗುಂಡೀಲಿ ಕೈ ನಡುಗಿಬಿಡ್ತಕ್ಕಾ, ತಪ್ಪಿಸ್ಕೊಂಡ್ಬುಟ್ಟೆ. ಇನ್ನು ಆಡಲ್ಲ" ಅಂದ.

ನನಗೆ ಎಲ್ಲಿತ್ತೋ ಸಿಟ್ಟು. ಅಂದುಬಿಟ್ಟೆ. "ನಿನ್ನ ಬಾವ ಹೆಂಡತಿ, ಮನೆ ಎಲ್ಲಾ ಬಿಟ್ಟು ಆರು ತಿಂಗಳು ನಿನ್ನ ಹಿಂದೆ ಎತ್ತಿನಂಗೆ ಹೊತ್ತು ತಿರುಗಿದ್ರು. ಕಡೇ ಗಳಿಗೇಲಿ ಒಂದು ಚೆಂಡು ನೆಟ್ಟಗೆ ತಳ್ಳೋಕಾಗಲಿಲ್ವಾ ನಿನಗೆ? ಹೇಡಿ" ಅಂದೆ. ಆ ಮಾತು ಅನ್ನಬಾರದಿತ್ತು. ಅವನು ತಟ್ಟೆಯಲ್ಲಿದ್ದ ಮುದ್ದೆ ಪೂರ್ತಿ ಉಂಡ, ತಟ್ಟೆ ತೊಳೆದಿಟ್ಟ. "ಬಾವ ಮನೆಗೆ ಬಂದ್ರಾ?" ಅಂತ ಎರಡು ಸಲ ಕೇಳಿದ. ಸಾಯಂಕಾಲದ ಬಸ್ಸಿಗೆ ಹೊರಟುಹೋದ.

ಅವತ್ತಿಂದ ಅನ್ನ ಸೇರ್ತಾ ಇಲ್ಲ ನನಗೆ. ನೀವಾದ್ರೂ ಬನ್ನಿ.

ನರಸಕ್ಕ


ಹಿಂದೂಪುರ
೨೦-೩-೧೯೯೪

ನರಸೀ,

ನಿನ್ನ ಕಾಗದ ಮಂಡಿಯಲ್ಲಿ ಮೂಟೆ ಮೇಲೆ ಕೂತು ಓದಿದೆ.

ಕದಿರ ನಿನಗೆ ಸುಳ್ಳು ಹೇಳವನೆ. ಅವನ ಕೈ ನಡುಗಲಿಲ್ಲ.

ಕಡೇ ದಿನ, ಹದಿನಾರನೇ ಗುಂಡಿ. ಅವನು ಹೊಡೆದ ಚೆಂಡು ಎಡಕ್ಕೆ ಹೋಗಿ ಜಾಲಿ ಗಿಡದ ಪಕ್ಕ ಉದ್ದ ಹುಲ್ಲಿಗೆ ಬಿತ್ತು. ಐದು ನಿಮಿಷದಲ್ಲಿ ಹುಡುಕಬೇಕು, ಇಲ್ಲದಿದ್ರೆ ಹೋಯ್ತು. ಅವನು ಗಿಡದ ಆ ಕಡೆ, ನಾನು ಈ ಕಡೆ. ಜೊತೆ ಆಡ್ತಿದ್ದವರು ದೂರದಲ್ಲಿದ್ರು. ನನ್ನ ಬಲಗಾಲಿಗೆ ಏನೋ ತಗುಲಿತು. ಬಗ್ಗಿ ನೋಡಿದೆ, ಚೆಂಡು. ಒಂದು ಗೇಣು ಸರಿದಿತ್ತು.

ಆಟದಲ್ಲಿ ಒಂದು ರೂಲು ಐತೆ. ಹುಡುಕೋವಾಗ ಆಟಗಾರನ ಕಾಲಾಗಲಿ, ಅವನ ಬ್ಯಾಗಿನವನ ಕಾಲಾಗಲಿ ತಗುಲಿ ಚೆಂಡು ಸರಿದ್ರೆ ಒಂದು ಹೊಡೆತ ದಂಡ. ಬೇಕಂತ ಮಾಡಿದ್ದಲ್ಲ ಅಂದ್ರೂ ಬಿಡಲ್ಲ. ಆ ಹೊತ್ತಿಗೆ ಅವನು ಐದನೇ ಜಾಗದಲ್ಲಿದ್ದ.

ಯಾರೂ ನೋಡಿರಲಿಲ್ಲ ನರಸೀ. ಸರಿದಿದ್ದರಿಂದ ಅವನಿಗೆ ಲಾಭವೂ ಇರಲಿಲ್ಲ, ಅಲ್ಲೂ ಅದೇ ಹುಲ್ಲು. "ಸಿಕ್ತಾ ಬಾವಾ?" ಅಂದ. "ಸಿಕ್ತು" ಅಂದೆ. ಅಷ್ಟೇ ಅಂದೆ. ಅವನು ಬಂದು ಬ್ಯಾಗಿಂದ ಕೋಲು ಆರಿಸ್ಕೊಂಡ. ನಾನು ಬ್ಯಾಗು ಹಿಡಿದು ನಿಂತಿದ್ದೆ. ನಿನ್ನ ಮುಖ ಕಣ್ಣ ಮುಂದೆ ಬಂತು. ಹೇಳಿದ್ರೆ ನಿನ್ನ ತಮ್ಮನ ಎರಡು ವರ್ಷದ ಕಷ್ಟ ನನ್ನ ಕಾಲಿಂದ ಮಣ್ಣುಪಾಲು. ಹೇಳದೇ ಇದ್ರೆ ಯಾರಿಗೂ ಗೊತ್ತಾಗಲ್ಲ. ನನಗೊಬ್ಬನಿಗೆ ಗೊತ್ತಿರ್ತದೆ. ಅವನು ಕೋಲು ಎತ್ತೋ ಹೊತ್ತಿಗೆ ಬಾಯಿ ಬಂತು. "ನಿಲ್ಲು ಕದಿರಾ, ನನ್ನ ಕಾಲು ತಗುಲಿತು."

ಅವನು ಕೋಲು ಇಳಿಸಿದ. ನನ್ನ ಮುಖ ನೋಡಿದ. "ಎಲ್ಲಿತ್ತು ಬಾವಾ?" ಅಂದ. ತೋರಿಸಿದೆ. ಕೈಯೆತ್ತಿ ಜೊತೆಯವನನ್ನ ಕರೆದ, ಅವನ ಮುಂದೆ ಚೆಂಡು ಎತ್ತಿ ಮೊದಲಿದ್ದ ಜಾಗಕ್ಕೆ ಇಟ್ಟ, "ನನಗೆ ಒಂದು ಹೊಡೆತ ಸೇರಿಸ್ಕೊಳ್ಳಿ" ಅಂದ. ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು.

ಕಡೇ ಗುಂಡೀಲಿ ಎಂಟಡಿ ದೂರದ ಚೆಂಡು. "ನೀರು ಎತ್ತ ಬಾವಾ?" ಅಂತ ಕೇಳಿದ. ಕೈಸನ್ನೆಯಲ್ಲಿ ತೋರಿಸಿದೆ. ಗುಂಡಿ ಕಡೆ ನೋಡ್ಕೊಂಡು ತಳ್ಳಿದ. ಸೀದಾ ಬಿತ್ತು. ಅಂಥ ಚೆಂಡನ್ನ ಆರು ತಿಂಗಳಲ್ಲಿ ಅವನು ಹಾಕಿರಲಿಲ್ಲ. ಅದನ್ನೇ ತಪ್ಪಿಸಿದೆ ಅಂತ ನಿನ್ನ ಮುಂದೆ ಬಂದು ಹೇಳವನೆ, ನನ್ನ ಕಾಲನ್ನ ಮುಚ್ಚೋಕೆ.

ನಿನ್ನ ಮುಂದೆ ಬಂದು ನಿಲ್ಲೋ ಧೈರ್ಯ ಇರಲಿಲ್ಲ. ಅದಕ್ಕೇ ಇಲ್ಲಿ ಇಳ್ಕೊಂಡೆ. ಮಂಡಿ ಕೆಲಸ ಬರೀ ನೆಪ, ನಾನಿಲ್ಲದಿದ್ರೂ ಇಲ್ಲಿ ನಡೀತದೆ. ಹೇಡಿ ಅನ್ನೋ ಮಾತು ನನಗೆ ಸೇರಬೇಕಾದ್ದು.

ಪೆದ್ದಣ್ಣ


ಕಲ್ಯಾಣದುರ್ಗ
೪-೪-೧೯೯೪

ನಮ್ಮ ಮನೆಯವರಿಗೆ,

ಹತ್ತು ದಿನ ಬರೀಲಿಲ್ಲ. ಕೋಪ ಇತ್ತು. ಯಾವುದಕ್ಕೆ ಅಂತ ನೀವು ತಪ್ಪು ತಿಳ್ಕೊಳ್ಳಬಾರದು ಅಂತ ಈಗ ಬರೀತಾ ಇದ್ದೀನಿ.

ಕಾಲು ತಗುಲಿದ್ದಕ್ಕೆ ಕೋಪ ಇಲ್ಲ. ಹುಲ್ಲಲ್ಲಿ ನಡೆದೋರ ಕಾಲು ತಗುಲ್ತದೆ. ಹೇಳಿದ್ದಕ್ಕಂತೂ ಇಲ್ಲ. ಹೇಳದೇ ಬಂದಿದ್ರೆ ನೀವು ಈ ಮನೆಯಲ್ಲಿ ನೆಮ್ಮದಿಯಾಗಿ ಒಂದು ತುತ್ತು ಉಣ್ತಿರಲಿಲ್ಲ, ನನಗೆ ಗೊತ್ತು. ಯಾರೂ ನೋಡದ ಬಯಲಲ್ಲಿ ತಾವಾಗೇ ಬಾಯ್ಬಿಟ್ಟವರು ನನ್ನ ಮುಂದೆ ಬಾಯ್ಬಿಡೋಕೆ ಹೆದರಿದ್ರಲ್ಲ, ಅದಕ್ಕೆ ಕೋಪ. ನನ್ನನ್ನ ಅಂಥವಳು ಅಂದ್ಕೊಂಡ್ರಾ? ಆಮೇಲೆ ತಮ್ಮನಿಗೆ ಅಂದ ಮಾತು ನೆನೆಸ್ಕೊಂಡೆ. ಅಂಥವಳೇ ಇರಬೇಕು ಅನ್ನಿಸ್ತು. ಕೋಪ ಅರ್ಧ ಇಳೀತು.

ಕದಿರನಿಗೆ ಬರೆದೆ. ಬಾವ ಎಲ್ಲಾ ಹೇಳವ್ರೆ, ನೀನು ಆಡು ಅಂತ. ತಪ್ಪಾಯ್ತು ಅಂತ ಬರೆಯೋಕೆ ಹೋದೆ, ಒಡಹುಟ್ಟಿದವನಿಗೆ ಆ ಅಕ್ಷರ ಕೈಗೆ ಬರಲಿಲ್ಲ. ಅವನು ಮೂರೇ ಸಾಲು ಉತ್ತರ ಬರೆದವನೆ. ಹಂಗೇ ಇಳಿಸ್ತೀನಿ:

"ಅಕ್ಕಾ, ಎಂಟಡಿ ಚೆಂಡು ಬಿದ್ದ ಮೇಲೆ ನನಗೆ ಭಯ ಹೋಗೈತೆ. ಬಾವ ಬ್ಯಾಗು ಹೊರೋದಾದ್ರೆ ಇನ್ನೊಂದು ವರ್ಷ ಚಿಕ್ಕ ಟೂರು ಆಡ್ತೀನಿ. ಬೇರೆ ಯಾರೂ ಬೇಡ."

ಅಕ್ಟೋಬರಿಗೆ ಇನ್ನೂ ಆರು ತಿಂಗಳು ಐತೆ. ಹೋಗೋದು ಬಿಡೋದು ನೀವಿಬ್ಬರೂ ಕೂತು ಮಾತಾಡ್ಕೊಳ್ಳಿ. ತೂಬಿನ ಕೆಲಸ ಅಡ್ಡ ಬರಲ್ಲ. ನೀವಿದ್ದಾಗ ನೀವು, ಇಲ್ಲದಾಗ ನಾನು ಅಂತ ಊರವರೇ ಕೂತು ಮಾತಾಡವ್ರೆ.

ಬರೋ ಸೋಮವಾರ ಯುಗಾದಿ. ಕದಿರ ಭಾನುವಾರ ಬೆಳಿಗ್ಗೆ ರೈಲಿಗೆ ಹಿಂದೂಪುರದಲ್ಲಿ ಇಳೀತಾನೆ. ಮಂಡಿಗೇ ಬತ್ತಾನೆ. ಇಬ್ಬರೂ ಒಂದೇ ಬಸ್ಸಿಗೆ ಬನ್ನಿ. ದಾರಿಯಲ್ಲಿ ಏನೇನು ಮಾತಾಡ್ಕೊಳ್ತೀರೋ ಅದು ನನಗೆ ಬೇಡ.

ಒಬ್ಬಟ್ಟಿಗೆ ಬೇಳೆ ತಂದಿಟ್ಟಿದ್ದೀನಿ. ಒಬ್ಬರೇ ಬಂದ್ರೆ ಒಲೆ ಹಚ್ಚಲ್ಲ.

ನರಸಕ್ಕ